ಅಜ್ಜನ ಸೀನಿಗೆ ಬಂದ ಕಾಮೆಂಟುಗಳು

ಆಫೀಸಿನಿಂದ ಬಂದು ಮುಖ ತೊಳೆಯುವಷ್ಟು ಪುರುಸೊತ್ತೂ ಹಂಸಳಿಗೆ ಸಿಗುತ್ತಿರಲಿಲ್ಲ. ಟಿನ್ ಫ್ಯಾಕ್ಟರಿ ಸ್ಟಾಪಿನಲ್ಲಿ ಬಸ್ಸಿಳಿದು ಮನೆ ಸೇರುವುದೇ ತಡ, "ಏನಂದ್ರಮ್ಮ ಜನ?" ಎಂದು ಅಪ್ಪ ಬಾಗಿಲಲ್ಲೇ ನಿಂತಿರುತ್ತಿದ್ದರು.

ಅಪ್ಪ ಅಂಜನಮೂರ್ತಿ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು. ಅಲ್ಲಿನ ನಾಟಕ ಸಂಘದಲ್ಲಿ ದುರ್ಯೋಧನನಿಂದ ಪೋಸ್ಟ್‌ಮ್ಯಾನ್‌ವರೆಗೆ ಎಲ್ಲದಕ್ಕೂ ಬಣ್ಣ ಹಚ್ಚಿದ್ದರು. ಹೆಂಡತಿ ತೀರಿಕೊಂಡ ಮೇಲೆ ಊಟವೂ ಬೇಡ, ಮಾತೂ ಬೇಡ ಎಂದು ಗೋಡೆ ನೋಡುತ್ತ ಕೂತಿದ್ದವರಿಗೆ 'ಎಂಟು ಜನ, ಒಂದು ಬಚ್ಚಲು' ಎಂಬ ನಗೆ ಧಾರಾವಾಹಿಯಲ್ಲಿ ಅಜ್ಜನ ಪಾತ್ರ ಸಿಕ್ಕಿತು. ಮನೆಮಂದಿಯೆಲ್ಲ ಒಟ್ಟಿಗೆ ಕೂತು ಮುಜುಗರವಿಲ್ಲದೆ ನೋಡಬಹುದಾದ ಧಾರಾವಾಹಿ. ಅಪ್ಪ ಮತ್ತೆ ಗಡ್ಡ ಬೋಳಿಸಿಕೊಂಡರು, ಎರಡು ಮುದ್ದೆ ಉಂಡರು. ಹಂಸಳಿಗೆ ಬೇಕಾಗಿದ್ದುದು ಅಷ್ಟೇ.

ಕಣ್ಣು ಮಂಜಾಗಿ ಅವರಿಗೆ ಅಕ್ಷರ ಕಾಣದು. ಸೆಟ್ಟಿನಲ್ಲಿ ಯಾರಾದರೂ ಮಾತು ಓದಿ ಹೇಳಿದರೆ ಕೇಳಿಯೇ ಬಾಯಿಪಾಠ. ಯೂಟ್ಯೂಬಿನಲ್ಲಿ ನೋಡುಗರು ಬರೆದದ್ದನ್ನು ಓದಿ ಹೇಳುವ ಕೆಲಸ ಮಾತ್ರ ಮಗಳದು.

ಒಂದು ಕಂತಿನಲ್ಲಿ ಅಪ್ಪ ಮಾತಿನ ನಡುವೆ ತಡವರಿಸಿ ನಿಂತುಬಿಟ್ಟರು. ಗಡಿಬಿಡಿಯಲ್ಲಿದ್ದ ಧಾರಾವಾಹಿಯವರು ಅದನ್ನು ಹಾಗೇ ಪ್ರಸಾರ ಮಾಡಿದರು. ಜನ ಬಿಡುತ್ತಾರೆಯೇ? 'ಅಜ್ಜಂಗೆ ಡೈಲಾಗೇ ನೆನಪಿಲ್ಲ ಗುರು, ರೆಸ್ಟ್ ಕೊಡಿ' ಎಂದು ಒಬ್ಬ. 'ಇವರು ಬಂದ್ರೆ ನಾನು ಸ್ಕಿಪ್' ಎಂದು ಇನ್ನೊಬ್ಬಳು. ಇದನ್ನು ಓದಲು ಹಂಸಳಿಗೆ ನಾಲಿಗೆ ಏಳಲಿಲ್ಲ.

"ಬೆನ್ಸನ್ ಟೌನಿಂದ ಫಹ್ಮಿದಾ ಅನ್ನೋರು ಬರ್ದಿದಾರಪ್ಪ. ಅಜ್ಜ ಮರ್ತೋಗಿ ತಡಕಾಡ್ತಾರಲ್ಲ, ಥೇಟ್ ನಮ್ಮ ತಾತನ ಥರಾನೇ, ನಕ್ಕೂ ನಕ್ಕೂ ಸಾಕಾಯ್ತು ಅಂತ."

ಅಪ್ಪನ ಮುಖ ಅರಳಿತು. "ಹೌದಾ? ಮರ್ತಿದ್ದೇ ಇಷ್ಟ ಆಯ್ತಾ ಅವ್ರಿಗೆ?"

ಒಂದು ಸುಳ್ಳು ಮುಚ್ಚಲು ನೂರು ಸುಳ್ಳು ಎನ್ನುತ್ತಾರೆ. ಹಂಸ ಮುಚ್ಚುವ ಗೋಜಿಗೇ ಹೋಗಲಿಲ್ಲ, ದಿನಕ್ಕೊಂದು ಹೊಸದನ್ನು ಹೊಸೆದಳು. ಅತ್ತ ಅಪ್ಪನ ತಡವರಿಕೆ ಕಂತಿನಿಂದ ಕಂತಿಗೆ ಹೆಚ್ಚುತ್ತಲೇ ಹೋಯಿತು. ಅರಳುಮರಳು ಶುರುವಾಯಿತೆಂದು ಅವಳು ಅಡುಗೆಮನೆಯಲ್ಲಿ ಸೆರಗು ಬಾಯಿಗೊತ್ತಿಕೊಂಡು ಅತ್ತಳು. ಹೊರಗೆ ಬಂದು ಇನ್ನಷ್ಟು ಹೊಗಳಿಕೆ ಓದಿದಳು. ಪ್ರೀತಿಗೂ ಮೂರ್ಖತನಕ್ಕೂ ನಡುವೆ ಅವಳಿಗೆ ಗೋಡೆಯೇ ಕಾಣಲಿಲ್ಲ, ಪಾಪ.

ಒಂದು ಸಂಜೆ ಅಪ್ಪ ಬಾಗಿಲಲ್ಲಿ ಇರಲಿಲ್ಲ. ಒಳಗೆ ಚಾಪೆಯ ಮೇಲೆ ಕೂತಿದ್ದರು.

"ಕಥೇಲಿ ಅಜ್ಜನ್ನ ಕಾಶಿಗೆ ಕಳಿಸ್ಬಿಟ್ರಮ್ಮ. ವಾಪಸ್ ಬರೋದು ಇಲ್ವಂತೆ. ಜನ ಬೈತಾವ್ರೆ ಅಂತ ಡೈರೆಕ್ಟರ್ ಹೇಳ್ತಾರೆ. ನಾನು ಬಿಡ್ತೀನಾ? ಸುಳ್ಳು ಹೇಳ್ಬೇಡಿ ಸಾರ್, ನನ್ನ ಮಗಳು ದಿನಾ ಓದ್ತಾಳೆ ಅಂದೆ. ಎಲ್ರೂ ನೆಲ ನೋಡ್ತಾ ನಿಂತ್ರು." ಅವಳ ಕೈ ಹಿಡಿದುಕೊಂಡರು. "ಆ ಫಹ್ಮಿದಾಗೆ ಒಂದ್ ಮಾತು ಬರಿಯಮ್ಮ. ಅಜ್ಜ ಬೇಕು ಅಂತ ಅವರಂಥೋರು ನಾಲ್ಕು ಜನ ಕೇಳಿದ್ರೆ ಕರೀದೆ ಎಲ್ಲಿ ಹೋಗ್ತಾರೆ?"

ಹಂಸಳಿಗೆ ಇನ್ನು ಮುಚ್ಚಿಡುವುದು ಪಾಪ ಎನಿಸಿತು.

"ಅಪ್ಪ, ಫಹ್ಮಿದಾ ಅಂತ ಯಾರೂ ಇಲ್ಲ. ಜನ ಬೈದಿದ್ದು ನಿಜ. ನಿಂಗೆ ಮರೆವು ಜಾಸ್ತಿ ಆಗ್ತಿದೆ, ಕೇಳಿದ್ರೆ ಮತ್ತೆ ಮೊದಲಿನ ಥರ ಕೂತ್ಬಿಡ್ತೀಯ ಅಂತ ನಾನೇ..."

"ಮರೆವಾ?" ಅಪ್ಪ ಅವಳನ್ನೇ ನೋಡಿದರು. "ಮರ್ತಿದ್ದು ಆವತ್ತೊಂದೇ ದಿನ ಕಣಮ್ಮ. ಆಮೇಲೆಲ್ಲಾ ಬೇಕಂತ್ಲೇ ನಿಲ್ಲಿಸ್ತಿದ್ದೆ. ಡೈರೆಕ್ಟರ್ ಬೇಡ ಅಂದ್ರೂ ಕೇಳ್ಲಿಲ್ಲ. ಜನಕ್ಕೆ ಅದೇ ಇಷ್ಟ ಅಂದ್ಯಲ್ಲ ನೀನು."

ಬೈಯಲಿ, ಎರಡೇಟು ಹೊಡೆಯಲಿ ಎಂದು ಅವಳು ತಲೆ ತಗ್ಗಿಸಿ ಕಾದಳು. ಅಪ್ಪ ಬೈಯಲಿಲ್ಲ. ಗಂಟಲು ಸರಿಮಾಡಿಕೊಂಡು, ಕಾಶಿಗೆ ಹೊರಡುವ ಆ ಕೊನೆಯ ಸೀನಿನ ಮಾತುಗಳನ್ನು ಶುರುಮಾಡಿದರು. ತಮ್ಮದು, ಸೊಸೆಯದು, ಮೊಮ್ಮಕ್ಕಳದು, ಎಲ್ಲವನ್ನೂ ಎಲ್ಲೂ ತಡೆಯದೆ ಒಪ್ಪಿಸಿದರು. ಮುಗಿದ ಮೇಲೆ ಕೇಳಿದರು:

"ಈಗ ನಿಜ ಹೇಳಮ್ಮ. ಹೆಂಗಿತ್ತು?"