ಲಾಕಿಲ್ಲದ ಇಪ್ಪತ್ತೆರಡು ಮೈಲಿ

ನಾನು ಒಂದು ದೋಣಿ. ಉದ್ದ ಐವತ್ತೇಳು ಅಡಿ, ಅಗಲ ಆರು ಅಡಿ ಹತ್ತು ಅಂಗುಲ. ಈ ಅಳತೆ ಕೇಳಿದವರು ಎಲ್ಲೋ ತಪ್ಪಾಗಿದೆ ಎಂದುಕೊಳ್ಳುತ್ತಾರೆ. ತಪ್ಪಾಗಿಲ್ಲ. ಬಾಗಲಕೋಟೆಯಿಂದ ಬಂದಿದ್ದ ನೆಂಟರೊಬ್ಬರು ನನ್ನೊಳಗೆ ಈ ತುದಿಯಿಂದ ಆ ತುದಿಗೆ ನಡೆದು, "ಇದು ದೋಣಿ ಅಲ್ಲ ಬಿಡ್ರಿ, ನೀರಾಗ ಬಿಟ್ಟ ಓಣಿ" ಎಂದಿದ್ದರು. ಅದೂ ತಪ್ಪಲ್ಲ.

ನಾನಿರುವುದು ಇಂಗ್ಲೆಂಡಿನ ನಡುಭಾಗದಲ್ಲಿ. ಇಲ್ಲಿಯ ಕಾಲುವೆಗಳನ್ನು ತೋಡಿ ಇನ್ನೂರು ವರ್ಷಗಳ ಮೇಲಾಯಿತು. ಆಗ ಕಲ್ಲಿದ್ದಲು ಸಾಗುತ್ತಿದ್ದದ್ದು ಇವುಗಳ ಮೇಲೆ. ದಂಡೆಯಲ್ಲಿ ನಡೆಯುವ ಕುದುರೆ ದೋಣಿಯನ್ನು ಎಳೆಯುತ್ತಿತ್ತು. ನೆಲ ಏರುವ, ಇಳಿಯುವ ಕಡೆಗಳಲ್ಲಿ ಲಾಕುಗಳಿವೆ. ಲಾಕು ಎಂದರೆ ಎರಡೂ ತುದಿಗೆ ಬಾಗಿಲಿರುವ ಕಲ್ಲಿನ ತೊಟ್ಟಿ. ದೋಣಿ ಒಳಗೆ ಬಂದ ಮೇಲೆ ಬಾಗಿಲು ಮುಚ್ಚಿ, ಕಬ್ಬಿಣದ ಹಿಡಿಕೆ ತಿರುಗಿಸಿ ತೂಬು ಎತ್ತಬೇಕು. ನೀರು ತುಂಬಿದರೆ ದೋಣಿ ಏರುತ್ತದೆ, ನೀರು ಹೋದರೆ ಇಳಿಯುತ್ತದೆ. ಈ ಭಾಗದ ಲಾಕುಗಳ ಅಗಲ ಏಳು ಅಡಿ. ಹಾಗಾಗಿಯೇ ನಾನು ಆರು ಅಡಿ ಹತ್ತು ಅಂಗುಲ.

1978ರಲ್ಲಿ ಉಕ್ಕಿನ ಹಾಳೆಗಳನ್ನು ಬೆಸೆದು ನನ್ನನ್ನು ಮಾಡಿದರು. ತಳದ ಹಾಳೆ ಆರು ಮಿಲಿಮೀಟರ್ ದಪ್ಪ. ರಜೆಗೆ ದೋಣಿ ಬಾಡಿಗೆಗೆ ಕೊಡುವ ಕಂಪನಿಯೊಂದು ನನ್ನನ್ನು ಕೊಂಡು, ತನ್ನ ಉಳಿದ ದೋಣಿಗಳಂತೆ ನನಗೂ ಒಂದು ಹಕ್ಕಿಯ ಹೆಸರಿಟ್ಟಿತು: ಹೆರನ್, ಅಂದರೆ ಕೊಕ್ಕರೆ. ಹದಿನೇಳು ವರ್ಷ ಬಾಡಿಗೆಗೆ ಓಡಿದೆ. ಶನಿವಾರ ಬಂದವರು ಮುಂದಿನ ಶನಿವಾರದ ಹೊತ್ತಿಗೆ ದೋಣಿ ನಡೆಸುವುದನ್ನು ಕಲಿತಿರುತ್ತಿದ್ದರು. ಅಷ್ಟರಲ್ಲಿ ಅವರು ಇಳಿದು, ಕಲಿಯದವರು ಹತ್ತುತ್ತಿದ್ದರು. ನನ್ನ ಮೂತಿಯ ತಗ್ಗುಗಳೆಲ್ಲ ಆ ಕಾಲದವು.

ನಂತರ ಹಾರ್ಗ್ರೀವ್ ಎಂಬ, ಪಿಯಾನೋ ಶ್ರುತಿ ಮಾಡುವ ಕೆಲಸದಿಂದ ನಿವೃತ್ತರಾದವರು ನನ್ನನ್ನು ಕೊಂಡರು. ಹತ್ತೊಂಬತ್ತು ವರ್ಷ ಒಬ್ಬರೇ ನನ್ನಲ್ಲಿ ವಾಸವಾಗಿದ್ದರು. ಮೊಣಕಾಲು ಕೈಕೊಟ್ಟಾಗ, 2014ರಲ್ಲಿ, ಅಕ್ಕ-ತಮ್ಮ ಇಬ್ಬರಿಗೆ ಮಾರಿದರು. ಬೀಗದ ಕೈ ಕೊಡುವಾಗ ಹೇಳಿದ ಬುದ್ಧಿಮಾತು ಒಂದೇ: "ಲಾಕಿನಲ್ಲಿ ಇಳಿಯುವಾಗ ಹಗ್ಗವನ್ನು ಗೂಟಕ್ಕೆ ಕಟ್ಟಬೇಡಿ. ಒಂದು ಸುತ್ತು ಹಾಕಿ ಕೈಯಲ್ಲಿ ಹಿಡಿದುಕೊಳ್ಳಿ. ನೀರು ಇಳಿದ ಹಾಗೆ ಹಗ್ಗ ಬಿಡುತ್ತಾ ಹೋಗಬೇಕು. ಕಟ್ಟಿದರೆ ನೀರು ಇಳಿಯುತ್ತದೆ, ದೋಣಿ ನೇತಾಡುತ್ತದೆ."

ಅಕ್ಕನ ಹೆಸರು ದಾಕ್ಷಾಯಣಿ ಲೋಕಾಪುರ. ಬರ್ಮಿಂಗ್‌ಹ್ಯಾಮಿನ ಆಸ್ಪತ್ರೆಯಲ್ಲಿ ನಲವತ್ತು ವರ್ಷ ನರ್ಸ್ ಆಗಿದ್ದವಳು, ಮದುವೆಯಾಗಿರಲಿಲ್ಲ. ತಮ್ಮ ಮುರಿಗೆಪ್ಪ ಅದೇ ಊರಿನಲ್ಲಿ ಸಿಟಿ ಬಸ್ಸಿನ ಡ್ರೈವರ್ ಆಗಿದ್ದ; ಹೆಂಡತಿ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ. ಇಬ್ಬರೂ ಇದ್ದ ಮನೆ ಮಾರಿ ನನ್ನಲ್ಲಿಗೆ ಬಂದರು. ಮೊದಲ ದಿನವೇ ಅಕ್ಕ ಒಂದು ಮಾತು ಇಟ್ಟಳು.

"ನೋಡ ಮುರಗ್ಯಾ, ಇಬ್ಬರಾಗ ಒಬ್ಬರಿಗೆ ಲಾಕು ದಾಟಾಕ ಆಗದ ದಿನ ಇದನ್ನ ಮಾರೋದು. ಹಟ ಮಾಡೂದಿಲ್ಲ, ಕಣ್ಣೀರು ಹಾಕೂದಿಲ್ಲ."

"ಆತು. ನಿನಗ ಮೊದಲ ಆಗೂದಿಲ್ಲ, ನಾಕು ವರ್ಷ ದೊಡ್ಡಾಕಿ ನೀ."

"ನೋಡೋಣಂತ."

ಮಾರಿದ ಮೇಲೆ ಎಲ್ಲಿಗೆ ಹೋಗಬೇಕು ಎಂಬುದನ್ನೂ ಅವರು ನೋಡಿಟ್ಟಿದ್ದರು: ವಯಸ್ಸಾದವರಿಗೆಂದೇ ಕಟ್ಟಿದ ಫ್ಲ್ಯಾಟುಗಳು. ಅಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕೋಣೆ. ನಾಯಿ ಸಾಕುವಂತಿಲ್ಲ. ಆಗ ಅವರ ಬಳಿ ನಾಯಿ ಇರಲಿಲ್ಲವಾದ್ದರಿಂದ ಆ ನಿಯಮದಿಂದ ಯಾರಿಗೂ ನೋವಾಗಲಿಲ್ಲ.

ನಾಯಿ ಬಂದದ್ದು ಮರುವರ್ಷ. ರೇಸಿನಲ್ಲಿ ಓಡಿ ಓಡಿ ಸಾಕಾದ ಗ್ರೇಹೌಂಡ್, ನಾಲ್ಕು ವರ್ಷದ ಹೆಣ್ಣು. ಇಂಥವಕ್ಕೆ ಮನೆ ಹುಡುಕಿಕೊಡುವವರ ಬಳಿ ಮುರಿಗೆಪ್ಪ ಅದನ್ನು ನೋಡಿ, "ಅಕ್ಕಾ, ನಮ್ಮ ಮುಧೋಳ ನಾಯಿ ಇದ್ದಂಗ ಐತಿ" ಎಂದು ಅಲ್ಲೇ ಕುಳಿತುಬಿಟ್ಟನಂತೆ. ಮೈ ಸಜ್ಜೆ ಹಿಟ್ಟಿನ ಬಣ್ಣ. ಹೆಸರು ಸಜ್ಜಿ ಎಂದಾಯಿತು.

ಗಂಟೆಗೆ ನಲವತ್ತು ಮೈಲಿ ಓಡಿದ ಸಜ್ಜಿಗೆ ಮೆಟ್ಟಿಲು ಇಳಿಯಲು ಬರುತ್ತಿರಲಿಲ್ಲ. ರೇಸಿನ ನಾಯಿಗಳು ಬೆಳೆಯುವ ಗೂಡುಗಳಲ್ಲಿ ಮೆಟ್ಟಿಲಿರುವುದಿಲ್ಲ. ನನ್ನ ಒಳಗಿಳಿಯಲು ಇರುವುದು ಮೂರೇ ಮೆಟ್ಟಿಲು, ಕಡಿದಾದವು. ಅವಳು ಮೇಲೆ ನಿಂತು ನಡುಗಿದಳು. ಮುರಿಗೆಪ್ಪ ಒಂಬತ್ತು ದಿನ, ದಿನಕ್ಕೆ ನಾಲ್ಕು ಸಲ, ಅವಳ ಒಂದೊಂದೇ ಕಾಲನ್ನು ಎತ್ತಿ ಒಂದೊಂದೇ ಮೆಟ್ಟಿಲ ಮೇಲೆ ಇಟ್ಟ. ಹತ್ತನೆಯ ದಿನ ಅವಳೇ ಇಳಿದು ಒಲೆಯ ಮುಂದೆ ಮಲಗಿದಳು.

"ಬಸ್ಸಿಗೆ ಮುದುಕರು ಹತ್ತೂವಾಗ ಇಷ್ಟು ಕಾಯತಿದ್ದೇನು?" ಎಂದು ಅಕ್ಕ ಕೇಳಿದಳು.

"ಮುದುಕರು ಬೈತಿದ್ರು. ಇದು ಬೈಯೂದಿಲ್ಲ."

ನನ್ನ ವೇಗದ ಮಿತಿ ಗಂಟೆಗೆ ನಾಲ್ಕು ಮೈಲಿ. ಸಜ್ಜಿ ದಂಡೆಯ ಮೇಲೆ ನನ್ನ ಜೊತೆಗೇ ನಡೆಯುತ್ತಿದ್ದಳು. ಕೆಲವೊಮ್ಮೆ ಮುಂದೆ ಹೋಗಿ, ನಿಂತು, ತಿರುಗಿ ನೋಡುತ್ತಿದ್ದಳು. ಕಾಯಂ ಕಟ್ಟುವ ಜಾಗವಿಲ್ಲದ ದೋಣಿ ಒಂದೇ ಕಡೆ ಹದಿನಾಲ್ಕು ದಿನಕ್ಕಿಂತ ಹೆಚ್ಚು ನಿಲ್ಲುವಂತಿಲ್ಲ ಎಂಬುದು ಇಲ್ಲಿಯ ನಿಯಮ. ಹಾಗಾಗಿ ವರ್ಷವಿಡೀ ಊರೂರು ದಾಟುತ್ತಿದ್ದೆವು. ಅಕ್ಕ ಒಲೆಯ ಪಕ್ಕದಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಆ ಸಪ್ಪಳಕ್ಕೆ ದಂಡೆಯಲ್ಲಿ ಗಾಳ ಹಾಕಿ ಕುಳಿತವರು ತಲೆ ಎತ್ತುತ್ತಿದ್ದರು.

2018ರ ಚಳಿಗಾಲದಲ್ಲಿ ನನಗೊಂದು ಸಂಗತಿ ತಿಳಿಯಿತು. ಚುಕ್ಕಾಣಿ ನನ್ನ ಹಿಂಬದಿಗೆ ಇರುವ ಉದ್ದನೆಯ ಕೋಲು; ಅದನ್ನು ಹಿಡಿದವರ ಕೈ ಹೇಗಿದೆ ಎಂಬುದು ಎಲ್ಲರಿಗಿಂತ ಮೊದಲು ತಿಳಿಯುವುದು ನನಗೆ. ಎಂಜಿನ್ ನಿಲ್ಲಿಸಿದ ಮೇಲೂ ಚುಕ್ಕಾಣಿ ಅದುರುತ್ತಿತ್ತು. ಮುರಿಗೆಪ್ಪನ ಎಡಗೈ. ಅವನಿಗೂ ಗೊತ್ತಿತ್ತು, ಅಕ್ಕ ಹೊರಗೆ ಬಂದರೆ ಆ ಕೈಯನ್ನು ಜೇಬಿಗೆ ಹಾಕುತ್ತಿದ್ದ. ಸಜ್ಜಿಯ ತಲೆ ಸವರಲು ಮಾತ್ರ ಹೊರಗೆ ತೆಗೆಯುತ್ತಿದ್ದ. ಕೊಟ್ಟ ಮಾತು ಅವನಿಗೆ ನೆನಪಿತ್ತು. ಮಾರಿದರೆ ದೋಣಿ ಹೋಗುತ್ತದೆ, ದೋಣಿಯ ಜೊತೆ ನಾಯಿ ಹೋಗುತ್ತದೆ. ಆದ್ದರಿಂದ ಹೇಳಲಿಲ್ಲ.

ಮರುವರ್ಷದ ಮೇ ತಿಂಗಳು ಬರ್ಮಿಂಗ್‌ಹ್ಯಾಮ್ ಕಡೆಯಿಂದ ಫೇಜ್ಲಿಗೆ ಇಳಿಯುತ್ತಿದ್ದೆವು. ಅಲ್ಲಿ ಒಂದರ ಹಿಂದೊಂದು ಹನ್ನೊಂದು ಲಾಕುಗಳಿವೆ. ಹೀಗೆ ಸಾಲಾಗಿರುವಲ್ಲಿ ಒಬ್ಬರು ಮುಂದೆ ನಡೆದು ಮುಂದಿನ ಲಾಕನ್ನು ಸಿದ್ಧಮಾಡುವುದು, ಇನ್ನೊಬ್ಬರು ಹಿಂದಿನದರಲ್ಲಿ ದೋಣಿ ಇಳಿಸುವುದು ರೂಢಿ. ಆರನೆಯ ಲಾಕಿನಲ್ಲಿ ಅಕ್ಕ ಮುಂದೆ ಹೋದಳು. ಮುರಿಗೆಪ್ಪ ನನ್ನನ್ನು ಲಾಕಿನೊಳಗೆ ತಂದು, ಚಾವಣಿಯ ನಡುವಿನ ಹಗ್ಗ ಹಿಡಿದು ದಂಡೆಗೆ ಇಳಿದ. ಸಜ್ಜಿ ನನ್ನೊಳಗೆ ಮಲಗಿದ್ದಳು.

ಒಂದು ಕೈಯಲ್ಲಿ ಹಗ್ಗ, ಇನ್ನೊಂದರಲ್ಲಿ ತೂಬಿನ ಹಿಡಿಕೆ. ಐದು ವರ್ಷ ಹಾಗೆಯೇ ಮಾಡಿದ್ದ. ಅಂದು ಎಡಗೈ ಹಗ್ಗ ಹಿಡಿಯಲಿಲ್ಲ. ಎರಡು ಸಲ ಜಾರಿತು. ಅವನು ಸುತ್ತ ನೋಡಿ, ಹಗ್ಗವನ್ನು ಗೂಟಕ್ಕೆ ಕಟ್ಟಿದ. ಎತ್ತು ಕಟ್ಟುವ ಗಂಟು; ಎಳೆದಷ್ಟೂ ಬಿಗಿಯಾಗುವಂಥದು. ನಂತರ ತೂಬು ಎತ್ತಿದ.

ನೀರು ಇಳಿಯಿತು. ನಾನು ಒಂದು ಅಡಿ ಇಳಿದೆ. ಹಗ್ಗ ತಂತಿಯಾಯಿತು. ಇನ್ನು ಇಳಿಯಲಾಗದೆ ಒಂದು ಬದಿಗೆ ವಾಲಿದೆ, ಎರಡು ಅಂಗುಲದ ಸಂದಿನಲ್ಲಿ ಸಿಕ್ಕಿಕೊಂಡೆ. ಕಪಾಟಿನ ತಟ್ಟೆಗಳು ಒಂದೊಂದಾಗಿ ಬಿದ್ದವು. ಸಜ್ಜಿ ಎದ್ದು ನಾಲ್ಕೂ ಕಾಲು ಅಗಲಿಸಿ ನಿಂತಳು; ಕೂಗಲಿಲ್ಲ. ಅವಳು ಕೂಗುವ ನಾಯಿಯಲ್ಲ. ನೀರು ಇನ್ನೂ ಇಳಿದಿದ್ದರೆ ಹಗ್ಗ ತುಂಡಾಗಿ, ಹದಿನೈದು ಟನ್ ತೂಕದ ನಾನು ಅವಳ ಸಮೇತ ಕೆಳಗೆ ಬೀಳುತ್ತಿದ್ದೆ.

ಮುರಿಗೆಪ್ಪ ತೂಬು ಇಳಿಸಲು ನೋಡಿದ. ಹಿಡಿಕೆಯ ಭಾರ ತೆಗೆದುಕೊಂಡು, ಹಲ್ಲುಗಾಲಿಯನ್ನು ತಡೆಯುವ ಕೊಂಡಿಯನ್ನು ಇನ್ನೊಂದು ಕೈಯಿಂದ ಎತ್ತಬೇಕು. ಎಡಗೈ ಎರಡು ಸಲ ತಪ್ಪಿತು. ಮೂರನೆಯ ಸಲ ಕೊಂಡಿ ಎದ್ದಿತು, ತೂಬು ಮುಚ್ಚಿತು. ನೀರು ನಿಂತಿತು. ನಾನು ವಾಲಿಕೊಂಡೇ ಇದ್ದೆ. ಗಾಳ ಹಾಕುತ್ತಿದ್ದವನೊಬ್ಬ ಚಾಕು ಹಿಡಿದು ಓಡಿ ಬಂದು ಹಗ್ಗಕ್ಕೆ ಕೈಹಾಕಿದ.

"ಬೇಡ. ಕತ್ತರಿಸಿದರೆ ದೋಣಿ ಬೀಳುತ್ತದೆ." ಹೇಳಿದ್ದು ಅಕ್ಕ. ಅರವತ್ತೊಂಬತ್ತರ ಅವಳು ಇನ್ನೂರು ಗಜ ಓಡಿ ಬಂದಿದ್ದಳು. ತಮ್ಮನ ಮುಖ ನೋಡದೆ, ಮೇಲಿನ ಬಾಗಿಲಿನ ತೂಬನ್ನು ಸ್ವಲ್ಪ ಸ್ವಲ್ಪವಾಗಿ ಎತ್ತಿದಳು. ನೀರು ಮತ್ತೆ ತುಂಬಿತು. ನಾನು ನೇರವಾದೆ, ಮೇಲೆದ್ದೆ. ಹಗ್ಗ ಸಡಿಲಾಯಿತು. ಆಮೇಲೆ ಗಂಟು ಬಿಚ್ಚಿದಳು.

ಹಗ್ಗ ತಾನೇ ಹಿಡಿದು ಆ ಲಾಕನ್ನು ಇಳಿಸಿ ಮುಗಿಸಿದಳು; ಆ ದಿನ ಅದರಾಚೆ ಹೋಗಲಿಲ್ಲ. ಒಡೆದ ತಟ್ಟೆ ಗುಡಿಸಿ ಇಬ್ಬರೂ ಕುಳಿತರು.

"ಯಾವಾಗಿಂದ?" ಅಕ್ಕ ಕೇಳಿದಳು.

"ಏನ್ ಯಾವಾಗಿಂದ?"

"ನಲವತ್ತು ವರ್ಷ ವಾರ್ಡಿನ್ಯಾಗ ನಿಂತಾಕಿ ನಾ. ನನ್ನ ಮುಂದ ಬ್ಯಾಡ."

"ಯುಗಾದಿಯಿಂದ."

"ಸುಳ್ಳು. ದೀಪಾವಳಿಯಿಂದ. ಚಾದ ಕಪ್ಪು ಬಲಗೈಗೆ ಬಂದದ್ದು ನೋಡೀನಿ."

"ನೋಡಿ ಯಾಕ ಸುಮ್ಮನಿದ್ದಿ?"

"ಕೇಳಿದ್ರ ಕೊಟ್ಟ ಮಾತು ನಡಿಸಬೇಕಾಗತಿತ್ತು. ಅದಕ್ಕ ನಾನೂ ಮುಚ್ಚಿಟ್ಟೆ. ನಿನ್ನಷ್ಟ ತಪ್ಪು ನಂದೂ ಐತಿ."

"ಸಜ್ಜಿ ಒಳಗಿದ್ಲು ಅಕ್ಕಾ." ಮುರಿಗೆಪ್ಪ ನಾಯಿಯ ತಲೆ ಸವರಿದ. "ಮಾರೋಣು. ಮಾತಂದ್ರ ಮಾತು."

ಬೆಳಿಗ್ಗೆ ಅಕ್ಕ ಕಾಲುವೆಗಳ ನಕ್ಷೆಯನ್ನು ಮೇಜಿನ ಮೇಲೆ ಹರಡಿ ಆ್ಯಶ್ಬಿ ಕಾಲುವೆಯ ಮೇಲೆ ಬೆರಳಿಟ್ಟಳು.

"ಇದು ಇಪ್ಪತ್ತೆರಡು ಮೈಲಿ. ಒಂದೂ ಲಾಕಿಲ್ಲ."

"ಇದ್ರ?"

"ನಾವೇನಂದಿದ್ವಿ? ಲಾಕು ದಾಟಾಕ ಆಗದ ದಿನ ಮಾರೋದು ಅಂತ. ಲಾಕೇ ಇಲ್ಲದ ಕಡೆ ಆ ದಿನ ಹೆಂಗ ಬರತೈತಿ?"

ಮುರಿಗೆಪ್ಪ ನಕ್ಷೆಯನ್ನೂ ಅಕ್ಕನನ್ನೂ ನೋಡಿದ. "ನೀ ನರ್ಸ್ ಆಗಬಾರದಿತ್ತು. ವಕೀಲಿ ಮಾಡಬೇಕಿತ್ತು." ನಂತರ ಎಣಿಸಿದ. "ಇಲ್ಲಿ ಇನ್ನ ಐದು ಇಳಿಯೂವು. ಆಮ್ಯಾಲ ಹದಿಮೂರು ಏರೂವು. ಅವನ್ನ ಯಾರು ಮಾಡೋರು?"

"ನಾ ಮಾಡ್ತೀನಿ. ನೀ ಚುಕ್ಕಾಣಿ ಹಿಡಿ. ದೋಣಿ ಬಿಟ್ಟು ಇಳೀಬ್ಯಾಡ. ನಾಯಿ ದಂಡಿ ಮ್ಯಾಲೆ ನನ್ನ ಕೂಡ ಇರತೈತಿ."

ಹಾಗೆಯೇ ಆಯಿತು. ಮುಂದೆ ಓಡುವುದನ್ನು ಬಿಟ್ಟು ಒಂದೊಂದೇ ಲಾಕಿನಲ್ಲಿ ನಿಂತು ದಾಟಿದೆವು. ಉಳಿದ ಐದಕ್ಕೆ ಒಂದು ದಿನ, ಗ್ಲಾಸ್‌ಕೋಟಿನ ಎರಡಕ್ಕೆ ಒಂದು ದಿನ. ಆ್ಯಥರ್‌ಸ್ಟನ್ನಿನ ಹನ್ನೊಂದನ್ನು ಏರುವಾಗ ಅಕ್ಕ ಎಂಟನೆಯದರಲ್ಲಿ ಬಾಗಿಲಿನ ತೊಲೆಯ ಮೇಲೆ ಕುಳಿತುಬಿಟ್ಟಳು. ಲಾಕು ನೋಡಿಕೊಳ್ಳುವ ಸ್ವಯಂಸೇವಕರೊಬ್ಬರು ಬಂದು ಹಿಡಿಕೆಗೆ ಕೈಚಾಚಿದರು. ಅಕ್ಕ ತಮ್ಮನ ಕಡೆ ನೋಡಿದಳು.

"ಕೊಡ ಅವರಿಗೆ. ಇದು ಮಾತಿನ್ಯಾಗ ಇಲ್ಲ" ಎಂದ ಮುರಿಗೆಪ್ಪ. ಅಕ್ಕ ಕೊಟ್ಟಳು. ಕೊನೆಯ ಮೂರನ್ನು ಅವರೇ ಮಾಡಿಕೊಟ್ಟರು. ನನೀಟನ್ ದಾಟಿ ಎಡಕ್ಕೆ, ಆ್ಯಶ್ಬಿ ಕಾಲುವೆಗೆ ತಿರುಗಿದಾಗ ಸಂಜೆ ಐದು ಗಂಟೆ.

ಕಾಯಿಲೆಗೆ ವೈದ್ಯರು ಪಾರ್ಕಿನ್ಸನ್ ಎಂದು ಹೆಸರು ಹೇಳಿದರು. ಗುಳಿಗೆ ಶುರುವಾಯಿತು. ಆ್ಯಶ್ಬಿ ಕಾಲುವೆಯಲ್ಲಿ ಕಾಯಂ ಜಾಗವೊಂದು ಬಾಡಿಗೆಗೆ ಸಿಕ್ಕಿತು. ಅಲ್ಲಿಂದ ಅತ್ತ, ಇತ್ತ ಓಡಾಡಿಕೊಂಡಿದ್ದೇವೆ. ಯಾವಾಗ ಮಾರುತ್ತೀರಿ ಎಂದು ಕೇಳಿದವರಿಗೆ ಅಕ್ಕ "ಲಾಕು ಬಂದಾಗ" ಎನ್ನುತ್ತಾಳೆ. ಕೇಳಿದವರಿಗೆ ಅರ್ಥವಾಗುವುದಿಲ್ಲ, ಮುರಿಗೆಪ್ಪನಿಗೆ ಆಗುತ್ತದೆ.

ಈಗ 2024. ನನಗೆ ನಲವತ್ತಾರು. ಕಳೆದ ವರ್ಷ ನನ್ನನ್ನು ನೀರಿನಿಂದ ಎತ್ತಿ ತಪಾಸಣೆ ಮಾಡಿದರು. ಆರು ಮಿಲಿಮೀಟರ್ ಇದ್ದ ತಳ ಕೆಲವು ಕಡೆ ನಾಲ್ಕಕ್ಕೆ ಬಂದಿದೆ. ಸಜ್ಜಿಗೆ ಹದಿಮೂರು, ಮೆಟ್ಟಿಲು ಇಳಿಯಲಾರಳು, ಹಲಗೆ ಹಾಕಿದ್ದಾರೆ. ಮುರಿಗೆಪ್ಪ ಚುಕ್ಕಾಣಿ ಬಿಟ್ಟು ಎರಡು ವರ್ಷವಾಯಿತು. ನನ್ನ ಮುಂಭಾಗದಲ್ಲಿ ಕುರ್ಚಿ ಹಾಕಿಕೊಂಡು, ನಾಯಿಯ ಮೇಲೆ ಕೈಯಿಟ್ಟು ಕೂರುತ್ತಾನೆ. ನಡೆಸುವವಳು ಅಕ್ಕ.

ಈ ಕಾಲುವೆ ಮೊದಲು ಮೂವತ್ತು ಮೈಲಿ ಇತ್ತು. ಕಲ್ಲಿದ್ದಲು ತೆಗೆದ ನೆಲ ಕುಸಿದು ಕೊನೆಯ ಎಂಟು ಮೈಲಿ ಮುಚ್ಚಿದರು. ಕಾಲುವೆ ಈಗ ಕೊನೆಗೊಳ್ಳುವ ಜಾಗಕ್ಕಿಂತ ಸ್ವಲ್ಪ ಮೊದಲು, ಉದ್ದದ ದೋಣಿಗಳು ತಿರುಗಿಕೊಳ್ಳಲೆಂದು ದಂಡೆಯನ್ನು ಒಂದು ಕಡೆ ಕೊರೆದು ಅಗಲ ಮಾಡಿದ್ದಾರೆ. ಮೂತಿಯನ್ನು ಆ ಕೊರಕಲಿಗೆ ಇಟ್ಟು ಹಿಂಬದಿಯನ್ನು ಸುತ್ತು ತರಬೇಕು. ನನ್ನ ಉದ್ದಕ್ಕೆ ನಾಲ್ಕೈದು ಸಲ ಹಿಂದೆ ಮುಂದೆ ಆಗುತ್ತದೆ. ಚುಕ್ಕಾಣಿಯ ಬಳಿ ನಿಂತ ಅಕ್ಕನಿಗೆ ಐವತ್ತೇಳು ಅಡಿ ಆಚೆಯ ಮೂತಿ ಕಾಣುವುದಿಲ್ಲ. ಮುರಿಗೆಪ್ಪ ಅಲ್ಲಿಂದ ಕೂಗಿ ಹೇಳುತ್ತಾನೆ.

"ಬರ್ಲಿ, ಬರ್ಲಿ. ಹೋಲ್ಡಾನ್. ಅಕ್ಕಾ, ಹೋಲ್ಡಾನ್ ಅಂದ್ರ ನಿಲ್ಲಸೋದು, ಕೇಳತೇನು?"

"ಕೇಳತೈತಿ. ಊರಿಗೆಲ್ಲ ಕೇಳತೈತಿ."

"ಸ್ವಲ್ಪ ಹಿಂದ. ಇನ್ನೊಂಚೂರು. ಹಾಂ, ಆತು."

ನನ್ನ ಕಾಲ ಇನ್ನೆಷ್ಟಿದೆಯೋ ತಿಳಿಯದು. ತಳ ನಾಲ್ಕಕ್ಕಿಂತ ತೆಳುವಾದರೆ ವಿಮೆ ಸಿಗುವುದು ಕಷ್ಟ. ಆಗ ಹೊಸ ಹಾಳೆ ಬೆಸೆಯಬೇಕು, ಇಲ್ಲವೇ ನನ್ನನ್ನು ಒಡೆದು ಗುಜರಿಗೆ ಹಾಕಬೇಕು. ಅದನ್ನು ನಿರ್ಧರಿಸುವವರು ಇವರಿಬ್ಬರೋ ಬೇರೆಯವರೋ ಅದೂ ತಿಳಿಯದು. ತಿಳಿದಿರುವುದು ಇಷ್ಟು: ಇಂದು ತಿರುಗಿಕೊಳ್ಳಲು ಜಾಗವಿದೆ. ನನ್ನ ಮೂತಿ ಕೆಸರಿನಿಂದ ಬಿಡಿಸಿಕೊಂಡು ದಕ್ಷಿಣಕ್ಕೆ ಹೊರಳಿದೆ. ಮುರಿಗೆಪ್ಪ ನಡುಗುವ ಕೈಯಿಂದ ನನ್ನ ಉಕ್ಕಿನ ಮೇಲೆ ಎರಡು ಸಲ ಬಡಿದು, "ರೈಟ್" ಎನ್ನುತ್ತಾನೆ. ಅಕ್ಕ ಎಂಜಿನ್ ಏರಿಸುತ್ತಾಳೆ.