ಚೆನ್ನಾಗಿದೀನಿ, ಆದ್ರೆ

ಮ್ವಾಂತುಮಕ್ಕನ ಸೊಂಟ ಹಿಡಿದುಕೊಂಡು ಎರಡು ವರ್ಷವಾಗಿತ್ತು. ಟಾಂಗಾ ಸೀಮೆಯಲ್ಲಿ ನಾವು ದುಡಿಯುವ ಕತ್ತಾಳೆ ತೋಟದಲ್ಲಿ ಅವಳದು ಹಸಿ ನಾರು ಹೊತ್ತು ತಂತಿಗೆ ಒಣಹಾಕುವ ಕೆಲಸ. ಹಸಿ ನಾರು ಹೆಣಭಾರ. ಬೆಳಿಗ್ಗೆ ಗಂಜಿ ಕುಡಿಯಲೂ ಅವಳು ಗೋಡೆ ಹಿಡಿದೇ ಕೂರಬೇಕು. ಕೂತು ನಾರು ವಿಂಗಡಿಸುವ ಕೆಲಸ ಕೊಡಿ ಎಂದು ಮೇಸ್ತ್ರಿ ಶೆಕಿಫುವನ್ನು ಕೇಳಿದಳು.

"ಡಾಕ್ಟರು ಹೇಳ್ಲಿ, ಕೊಡೋಣ. ಹೇಳ್ಲಿಲ್ವೋ, ಹೊರೋಕಾಗದವಳಿಗೆ ಕೆಲಸಾನೂ ಇಲ್ಲ, ತೋಟದ ಮನೇನೂ ಇಲ್ಲ" ಎಂದ, ಪುಣ್ಯಾತ್ಮ.

ಅವಳ ಜೊತೆ ನಾನೂ ಹೋದೆ. ತೋಟದ ಡಾಕ್ಟರು ಹೊರದೇಶದವನು. ನಮ್ಮ ಭಾಷೆಯನ್ನು ಪುಸ್ತಕ ಓದಿ ಕಲಿತಿದ್ದ.

"ಹೇಗಿದ್ದೀರಿ ತಾಯಿ?"

"ಚೆನ್ನಾಗಿದೀನಿ ಸ್ವಾಮಿ."

"ಕೆಲಸ?"

"ಚೆನ್ನಾಗಿದೆ."

"ಸೊಂಟ?"

"ಸೊಂಟಾನೂ ಚೆನ್ನಾಗಿದೆ, ಆದ್ರೆ..."

"ಸಂತೋಷ! ನೀವೇ ಹೇಳಿದ್ರಲ್ಲ!"

ಅಯ್ಯೋ ನಿನ್ನ! ನಮ್ಮಲ್ಲಿ ಮನೆಗೆ ಬೆಂಕಿ ಬಿದ್ದಿದ್ದರೂ ಹೇಗಿದ್ದೀರಿ ಎಂದವರಿಗೆ ಮೊದಲು ಚೆನ್ನಾಗಿದ್ದೀವಿ ಅನ್ನಬೇಕು. ಅದು ಮರ್ಯಾದೆ. ಬೆಂಕಿಯ ಸುದ್ದಿ 'ಆದ್ರೆ' ಆದಮೇಲೆ. ಈ ಮಹಾಶಯ 'ಆದ್ರೆ' ಮುಗಿಯುವ ತನಕ ಕಾಯಲೇ ಇಲ್ಲ.

"ನೋವು ಇರೋದು ಮನಸ್ಸಲ್ಲಿ ತಾಯಿ. ಚಿಂತೆ ಮಾಡಿದಷ್ಟೂ ಜಾಸ್ತಿಯಾಗುತ್ತೆ. ಉಸಿರು ಎಳ್ಕೊಂಡು ನಗಿ ನೋಡೋಣ."

ಅಕ್ಕ ಹಲ್ಲು ಕಿರಿದಳು.

"ಈಗ ಹೇಗಿದೆ?"

"ಈಗ ಕೆನ್ನೇನೂ ನೋಯ್ತಿದೆ ಸ್ವಾಮಿ. ಆದ್ರೆ ನೀವು ಹೇಳಿದ್ದು ನಿಜ. ಮೇಸ್ತ್ರಿ ಊರಲ್ಲಿಲ್ಲ ಅಂದ್ರೆ ಅರ್ಧ ನೋವು ಇಳಿಯುತ್ತೆ. ನನಗೆ ಕೊಡೋ ಔಷಧಿ ಏನಿದೆಯೋ ಅವನಿಗೇ ಕುಡಿಸಿಬಿಡಿ."

"ಅದು ನನ್ನ ಕೆಲಸ ಅಲ್ಲ" ಎಂದು ಅವನು ಚೀಟಿ ಬರೆಯದೆ ನಮ್ಮನ್ನು ಹೊರಗೆ ಕಳಿಸಿದ.

ಸಂಜೆ ಜೊತೆಯ ಹೆಂಗಸರಿಗೆ ಇದನ್ನೆಲ್ಲ ಹೇಳಿದೆ. ಬಿದ್ದು ಬಿದ್ದು ನಕ್ಕರು. ಆಮೇಲೆ ಅವರಲ್ಲೊಬ್ಬಳು, ಚಾಶೂಬಿ, ಮಂಡಿ ನೀವಿಕೊಂಡಳು. "ನನ್ನ ಮಂಡೀನೂ ಹಿಂಗೇ ವಾಪಸ್ ಬಂದಿದ್ದು ಕಣ್ರೇ." ಇನ್ನೊಬ್ಬಳು ತನ್ನ ಭುಜ ಮುಟ್ಟಿಕೊಂಡಳು. ನಮ್ಮ ಮರ್ಯಾದೆಯೇ ನಮ್ಮನ್ನು ಕೊಂದಿತ್ತು! ನನಗಂತೂ ಮೈ ಉರಿದುಹೋಯಿತು.

ಮರುದಿನ ಬೆಳಿಗ್ಗೆ ಶೆಕಿಫು ಎಂದಿನಂತೆ ಸಾಲಿನ ಮುಂದೆ ನಿಂತ. "ಹೇಗಿದ್ದೀರಿ ಎಲ್ಲಾ?"

"ಚೆನ್ನಾಗಿಲ್ಲ!" ಎಂದೆವು, ಒಂದೇ ದನಿಯಲ್ಲಿ.

ಮೇಸ್ತ್ರಿ ಕಕ್ಕಾಬಿಕ್ಕಿಯಾದ. ಹುಟ್ಟಿದಾಗಿಂದ ಅವನು ಅಂಥ ಉತ್ತರ ಕೇಳಿರಲಿಲ್ಲ. ಹಾಗೆ ಅಂದವರನ್ನು ಏನಾಯ್ತು ಎಂದು ಕೇಳದೆ ಹೋದರೆ ಅವನೆಂಥ ಮನುಷ್ಯ? ಕೇಳಿದ. ಚಾಶೂಬಿ ತನ್ನ ಮಂಡಿಯಿಂದ ಶುರುಮಾಡಿ ಅಜ್ಜಿಯ ಮಂಡಿಯವರೆಗೂ ಹೇಳಿದಳು. ಅವನು "ಪಾಪ" ಎಂದ. ಮುಂದಿನವಳು ಭುಜ ತೆಗೆದಳು. "ಪಾಪ, ಪಾಪ." ಅತ್ತ ಕತ್ತಾಳೆ ಸುಲಿಯುವ ಯಂತ್ರ ಹಸಿ ನಾರು ಕಕ್ಕುತ್ತಲೇ ಇತ್ತು. ಹೊರುವವರಿಲ್ಲದೆ ಅದು ಗುಡ್ಡೆಯಾಯಿತು.

"ಸಾಕು ಮಾಡ್ರೇ, ನನಗೆ ತಲೆ ಸಿಡೀತಿದೆ!"

"ಅದು ಮನಸ್ಸಲ್ಲಿ ಇರೋದು ಯಜಮಾನ್ರೆ. ನಗಿ" ಎಂದಳು ಅಕ್ಕ.

ಶೆಕಿಫು ಗುಡ್ಡೆ ನೋಡಿದ, ಅವಳನ್ನು ನೋಡಿದ. "ಆಯ್ತು ಮಾರಾಯ್ತಿ, ಹೋಗು, ಕೂತ್ಕೊಂಡೇ ನಾರು ವಿಂಗಡಿಸು. ಈಗಲಾದ್ರೂ ಹೇಳು, ಹೇಗಿದ್ದೀಯ?"

"ಚೆನ್ನಾಗಿದೀನಿ ಯಜಮಾನ್ರೆ."

ಅವನು ಉಸಿರು ಬಿಟ್ಟು ಕೆಲಸಕ್ಕೆ ಹೊರಡಿ ಎಂದು ಕೈ ಬೀಸಿದ. ನಾವು ಯಾರೂ ಕದಲಲಿಲ್ಲ. ಅಕ್ಕ ಆಸರೆಗೆ ಹಿಡಿದಿದ್ದ ಗೋಡೆ ಬಿಟ್ಟು ನಮ್ಮ ಸಾಲಿಗೇ ಬಂದು ನಿಂತಳು.

"ಆದ್ರೆ..." ಎಂದಳು, ಚಾಶೂಬಿಯ ಮಂಡಿಯತ್ತ ಕೈ ತೋರಿಸಿ.

ಈ ಸಲ ಅವನು ಕಾಯಲೇಬೇಕಾಯಿತು.