ಮಾತಾಜಿ ಕೊಟ್ಟ ನಿಯಮ

ಖಾನಾಪುರದ ಜೈನರ ಮನೆಯ ಅಕ್ಕಾತಾಯಿ ವ್ರತವೆಂದು ಬಿಡುವುದರಲ್ಲಿ ಗಟ್ಟಿಗಿತ್ತಿ. ಮದುವೆಯಾದ ವರ್ಷ ಬಟಾಟಿ, ಉಳ್ಳಾಗಡ್ಡಿ ಬಿಟ್ಟಳು. ಸೊಸೆ ಬಂದ ಮೇಲೆ ಹೊತ್ತು ಮುಳುಗಿದ ಮೇಲಿನ ಊಟ, ಆಮೇಲೆ ಬೆಲ್ಲ. ಬಿಟ್ಟದ್ದನ್ನು ತಿರುಗಿ ನೋಡಿದವಳಲ್ಲ.

ಈ ಶ್ರಾವಣದಲ್ಲಿ, ಮಾಸ್ತರಿಕೆಯಿಂದ ನಿವೃತ್ತನಾದ ಗಂಡ ಪಾರೀಸ, ಇಬ್ಬರದೂ ಒಮ್ಮೆ ಇಡೀ ಮೈ ತಪಾಸಣೆಯಾಗಲಿ ಎಂದು ಬೆಳಗಾವಿಗೆ ಕರೆದೊಯ್ದ. ದವಾಖಾನೆಯ ಯಂತ್ರ ಅವಳ ತಲೆಯೊಳಗೆ ಹುಣಸೆಬೀಜದಷ್ಟು ಗಂಟೊಂದನ್ನು ತೋರಿಸಿತು.

"ಕ್ಯಾನ್ಸರ್ ಅಲ್ಲರಿ ಅವ್ವಾರ," ಎಂದಳು ಡಾಕ್ಟರ್ ಸ್ನೇಹಲ. "ಎಷ್ಟು ವರ್ಷದಿಂದ ಐತ್ಯೋ ಏನೋ. ಸುಮ್ನ ಕುಂತೈತಿ, ಕುಂದರ್ಲಿ. ವರ್ಷಕ್ಕೊಮ್ಮೆ ನೋಡೂಣು."

ರೈಲು ದೇಸೂರ ದಾಟುವಾಗ ಪಾರೀಸ ನಗಿಸಲು ನೋಡಿದ. "ನನ್ನ ತಲ್ಯಾಗ ಏನೂ ಇಲ್ಲಂತ. ನೀ ಮೊದಲಿಂದ ಅದನ್ನ ಹೇಳ್ಕೋತ ಬಂದೀದಿ."

ಅಕ್ಕಾತಾಯಿ ನಗಲಿಲ್ಲ. ಅವಳ ಬೆರಳು ಸೆರಗಿನೊಳಗೆ ನೆತ್ತಿ ತಡಕುತ್ತಿತ್ತು.

ಮುಂದೆ ಆ ಬೆರಳಿಗೆ ಅದೇ ಕೆಲಸವಾಯಿತು. ಅಕ್ಕಿ ಆರಿಸುವಾಗ, ಜಪಮಣಿ ಎಣಿಸುವಾಗ ಕೈ ತಲೆಗೆ ಹೋಗುವುದು. ಎಲುಬಿನ ಒಳಗಿದ್ದದ್ದು ಬೆರಳಿಗೆ ಸಿಗುವುದೆಲ್ಲಿಂದ? ಹದಿನೈದನೆಯ ದಿನ ಬಸದಿಗೆ ಹೋಗಿ, ಚಾತುರ್ಮಾಸಕ್ಕೆ ಬಂದು ಉಳಿದಿದ್ದ ಸನ್ಯಾಸಿನಿ ಮಾತಾಜಿಯ ಮುಂದೆ ತೆಂಗಿನಕಾಯಿ ಇಟ್ಟಳು.

"ಸಲ್ಲೇಖನ ಕೊಡ್ರಿ ಮಾತಾಜಿ. ಒಂದೊಂದ ಕಾಳು ಬಿಟ್ಟು ಹೋಗಿಬಿಡ್ತೀನಿ. ಹೆಂಗೂ ತಲ್ಯಾಗ ಸಾವಿನ ಬುಲಾವ್ ಬಂದು ಕುಂತೈತಿ."

"ಡಾಕ್ಟರ್ ಏನಂದ್ರು?"

"ಇರ್ಲಿ ಬಿಡ್ರಿ ಅಂದ್ರು."

"ಈ ಮೆಟ್ಟಲ ಹೆಂಗ ಹತ್ತಿ ಬಂದಿ?"

"ನಡಕೊಂತ ಬಂದೆ."

"ಅದು ಅಂಜಿದವರು ತಗೊಳ್ಳೂ ವ್ರತ ಅಲ್ಲ ತಾಯಿ. ನಿನ್ನ ಮೈ ಇನ್ನೂ ಧರ್ಮಕ್ಕ ಒದಗಾಕತ್ತೈತಿ." ಮಾತಾಜಿ ತೆಂಗಿನಕಾಯಿಯನ್ನು ಪಕ್ಕಕ್ಕೆ ಸರಿಸಿದರು. "ಬಿಡೂದು ನಿನಗ ಬರ್ತೈತಿ. ಒಂದು ನಿಯಮ ತಗೋ. ಮುಂದಿನ ತಪಾಸಣಿ ತನಕ ಆ ಗಂಟು ಹುಡುಕಾಕ ತಲಿ ಮುಟ್ಟಬ್ಯಾಡ."

ಇಷ್ಟೇ ಏನು ಅನ್ನಿಸಿತು ಅವಳಿಗೆ. ಕೈಮುಗಿದು ಒಪ್ಪಿಕೊಂಡಳು. ಕೊನೆಯ ಮೆಟ್ಟಿಲು ಇಳಿಯುವುದರೊಳಗೆ ಕೈ ಎರಡು ಸಲ ಮೇಲೆದ್ದಿತು. ಬೆಲ್ಲ ಬಿಟ್ಟಾಗ ಇಷ್ಟು ಕಷ್ಟವಾಗಿರಲಿಲ್ಲ.

ಮರುದಿನ ತಲೆ ಎರೆದುಕೊಳ್ಳುವ ದಿನ. ಎಣ್ಣೆಯ ಬಟ್ಟಲು ಹಿಡಿದು ಬಹಳ ಹೊತ್ತು ಕುಳಿತಳು. ಕಡೆಗೆ ಗಂಡನನ್ನು ಕರೆದಳು.

"ಇಲ್ಲಿ ಬರ್ರಿ, ನೀವ ಹಚ್ಚರಿ. ನನ್ನ ಕೈ ಮ್ಯಾಲ ನನಗ ನಂಬಿಕಿಲ್ಲ."

ಮೂವತ್ತೆಂಟು ವರ್ಷದ ಸಂಸಾರದಲ್ಲಿ ಪಾರೀಸ ಹೆಂಡತಿಯ ತಲೆಗೆ ಎಣ್ಣೆ ಹಚ್ಚಿದವನಲ್ಲ. ಅಂಗೈ ತುಂಬ ಸುರಿದುಕೊಂಡು, "ಎಲ್ಲಿ ಐತಿ ಅದು?" ಎಂದ.

"ಕೇಳಬ್ಯಾಡ್ರಿ. ಎಲ್ಲಾ ಕಡೆ ಹಚ್ಚರಿ."

ಎರಡೂ ಕೈಗಳನ್ನು ತೊಡೆಯ ಮೇಲೆ ಜೋಡಿಸಿಟ್ಟು, ಕಣ್ಣು ಮುಚ್ಚಿ, ಅವಳು ಣಮೋಕಾರ ಮಂತ್ರ ಹೇಳತೊಡಗಿದಳು. ಎಣ್ಣೆ ಕಿವಿಯ ಹಿಂದಿನಿಂದ ಕುತ್ತಿಗೆಗೆ ಇಳಿಯುತ್ತಿತ್ತು. ಒರೆಸಿಕೊಳ್ಳಲೂ ಅವಳು ಕೈ ಎತ್ತಲಿಲ್ಲ.